ಮಿಡಿಯುವ ಹೃದಯವನ್ನು ಕಾಣುವ ಬಗೆ

ಕಳೆದ ಬೇಸಗೆಯ ಒಂದು ಮಧ್ಯಾಹ್ನ, ಪಾಠ ಮುಗಿದ ಮೇಲೆ, ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಪ್ರಯೋಗಶಾಲೆಯ ಬಾಗಿಲಲ್ಲಿ ಬಂದು ನಿಂತನು. ಅವನ ಊರು ತಿಕೋಟಾದ ಬಳಿಯ ಒಂದು ಹಳ್ಳಿ. ಮನೆಯವರಿಗೆ ದ್ರಾಕ್ಷಿಯ ತೋಟವುಂಟು. ಅವನ ತಂದೆಗೆ ಕೆಲವು ವಾರಗಳಿಂದ ತೋಟದ ಏರಿಯನ್ನು ಹತ್ತುವಾಗ ಎದೆಯ ನಡುವೆ ಭಾರವಿಟ್ಟಂತೆ ಆಗುತ್ತಿತ್ತು. ಕುಳಿತರೆ ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತಿತ್ತು. ವಿಜಯಪುರದ ವೈದ್ಯರು ಪರೀಕ್ಷಿಸಿ ಆಂಜಿಯೋಗ್ರಾಂ ಮಾಡಿಸಬೇಕೆಂದು ಹೇಳಿದ್ದರು. ಮನೆಯ ಹಿರಿಯರು ಒಪ್ಪಿರಲಿಲ್ಲ.

"ಸರ್, ಎಕ್ಸ್-ರೇದಾಗ ಹೃದಯ ಕಂಡೈತಿ, ಮತ್ತ ಕೈಯಾಗ ನಳಿಗಿ ಹಾಕಿ ನೋಡೂದು ಯಾಕ ಅಂತ ನಮ್ಮ ದೊಡ್ಡಪ್ಪಾರು ಕೇಳ್ತಾರ. ನನಗ ಹೇಳಾಕ ಬರಲಿಲ್ಲ" ಎಂದನು.

ದೊಡ್ಡಪ್ಪನವರ ಪ್ರಶ್ನೆ ಅಜ್ಞಾನದ್ದಲ್ಲ, ಬಹಳ ತೀಕ್ಷ್ಣವಾದದ್ದು. ಅದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ಭೌತಶಾಸ್ತ್ರದ ಪ್ರಶ್ನೆಯೂ ಹೌದು. ಅಂದು ಸಂಜೆ ಆ ಹುಡುಗನಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆದಿದ್ದೇನೆ. ಓದುವ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಇಂತಹ ಪ್ರಶ್ನೆಗೆ ಉತ್ತರ ಹೇಳಬೇಕಾದ ದಿನ ಒಮ್ಮೆ ಬರುವುದು.

ಹೃದಯವೆಂಬ ಪಂಪು

ಹೃದಯವು ನಮ್ಮ ಮುಷ್ಟಿಯಷ್ಟು ದೊಡ್ಡದಾದ, ಸುಮಾರು 300 ಗ್ರಾಂ ತೂಗುವ ಮಾಂಸಖಂಡದ ಚೀಲ. ಅದರಲ್ಲಿ ನಾಲ್ಕು ಕೋಣೆಗಳಿವೆ: ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಬಲಭಾಗವು ಮೈಯಿಂದ ಬಂದ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುವುದು. ಎಡಭಾಗವು ಅಲ್ಲಿಂದ ಆಮ್ಲಜನಕವನ್ನು ಹೊತ್ತು ಬಂದ ರಕ್ತವನ್ನು ಮಹಾಧಮನಿಯ ಮೂಲಕ ಇಡೀ ದೇಹಕ್ಕೆ ದಬ್ಬುವುದು. ಹಿಂದಕ್ಕೆ ಹರಿಯದಂತೆ ನಾಲ್ಕು ಕವಾಟಗಳು ಕಾವಲಿರುತ್ತವೆ.

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 72 ಸಲ ಬಡಿಯುವುದು. ಒಂದೊಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಬೀಳುವುದು. ಗುಣಿಸಿ ನೋಡಿದರೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200 ಲೀಟರ್ ಆಯಿತು. ಬರಗಾಲದಲ್ಲಿ ನಮ್ಮ ತೋಟಗಳಿಗೆ ನೀರು ತರುವ 5,000 ಲೀಟರಿನ ಟ್ಯಾಂಕರು ತುಂಬಿ, ಇನ್ನೂ 2,200 ಲೀಟರ್ ಮಿಗುವಷ್ಟು!

ಈ ಪಂಪಿಗೂ ಬೇರೆ ಪಂಪುಗಳಿಗೂ ಒಂದು ಸಾಮ್ಯವುಂಟು. ತುಬಚಿ-ಬಬಲೇಶ್ವರ ಏತ ನೀರಾವರಿಯ ಯಂತ್ರಗಳು ಕೃಷ್ಣೆಯ ನೀರನ್ನು ಎತ್ತಿ ಬಬಲೇಶ್ವರ, ತಿಕೋಟಾ ಭಾಗಗಳಿಗೆ ಕಳುಹಿಸುತ್ತವೆ. ಅಷ್ಟು ನೀರು ತಮ್ಮ ಮೂಲಕ ಹಾದುಹೋದರೂ ಆ ಯಂತ್ರಗಳು ನಡೆಯುವುದು ಆ ನೀರಿನಿಂದಲ್ಲ, ಬೇರೆ ತಂತಿಯಲ್ಲಿ ಬರುವ ವಿದ್ಯುತ್ತಿನಿಂದ. ಹೃದಯವೂ ಹಾಗೆಯೇ. ಕೋಣೆಗಳ ತುಂಬ ರಕ್ತವಿದ್ದರೂ ಅದರ ದಪ್ಪನಾದ ಸ್ನಾಯು ಆ ರಕ್ತದಿಂದ ಬದುಕಲಾರದು. ಮಹಾಧಮನಿಯ ಬುಡದಲ್ಲಿಯೇ ಕವಲೊಡೆದು ಹೃದಯದ ಮೇಲ್ಮೈಯನ್ನು ಕಿರೀಟದಂತೆ ಸುತ್ತುವರಿಯುವ ಎರಡು ನಾಳಗಳು ಅದಕ್ಕೆ ಆಹಾರವನ್ನು ಒದಗಿಸುತ್ತವೆ. ಇವನ್ನು ಕಿರೀಟಧಮನಿಗಳೆಂದು ಕರೆಯಬಹುದು. ವೈದ್ಯರು ಕರೋನರಿ ಎನ್ನುತ್ತಾರೆ. ಇವುಗಳ ಒಳವ್ಯಾಸ ಮೊದಲಿನಲ್ಲಿ ಕೇವಲ 3-4 ಮಿಲಿಮೀಟರು.

ಇಷ್ಟು ಸಣ್ಣ ನಾಳದೊಳಗೆ ಕೊಬ್ಬು, ಸುಣ್ಣಗಳು ಅಂಟಿ ದಾರಿ ಕಿರಿದಾದರೆ ಏನಾಗುವುದು? ಪಾಯ್ಸಿಯಿಯ ನಿಯಮವನ್ನು ನೆನೆಯಿರಿ. ಒತ್ತಡ ಒಂದೇ ಆಗಿದ್ದರೆ ಕೊಳವೆಯ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದು. ಉದ್ದಕ್ಕೂ ತ್ರಿಜ್ಯವು ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುವುದು. ಕಿರೀಟಧಮನಿಯಲ್ಲಿ ಕಿರಿದಾದ ಭಾಗವು ಮೋಟಾಗಿರುವುದರಿಂದಲೂ, ಮುಂದಿನ ಸಣ್ಣ ನಾಳಗಳು ಹಿಗ್ಗಿ ಸರಿದೂಗಿಸುವುದರಿಂದಲೂ, ವಿಶ್ರಾಂತಿಯಲ್ಲಿ ತೊಂದರೆ ತೋರದೆ ಇರಬಹುದು. ಆದರೆ ಏರಿ ಹತ್ತುವಾಗ ಹೃದಯವು ಹೆಚ್ಚು ರಕ್ತವನ್ನು ಬೇಡುವುದು, ನಾಳ ಕೊಡಲಾರದು, ಎದೆ ನೋಯುವುದು. ನನ್ನ ವಿದ್ಯಾರ್ಥಿಯ ತಂದೆಗೆ ಆಗುತ್ತಿದ್ದುದು ಇದೇ ಎಂದು ವೈದ್ಯರು ಶಂಕಿಸಿದ್ದರು.

ಸುಣ್ಣದ ಗೋಡೆಯ ಮೇಲೆ ಸುಣ್ಣದ ಬರಹ

ಇನ್ನು ದೊಡ್ಡಪ್ಪನವರ ಪ್ರಶ್ನೆಗೆ ಬರೋಣ. 1895ನೆಯ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜನ್ ಎಂಬ ಭೌತವಿಜ್ಞಾನಿ ಕ್ಷ-ಕಿರಣಗಳನ್ನು ಕಂಡನು. ಕ್ಷ-ಕಿರಣದ ಚಿತ್ರವೆಂದರೆ ನೆರಳು. ಕಿರಣವನ್ನು ಹೆಚ್ಚು ಹೀರುವ ವಸ್ತು ಗಾಢವಾದ ನೆರಳನ್ನೂ, ಕಡಮೆ ಹೀರುವ ವಸ್ತು ತೆಳುವಾದ ನೆರಳನ್ನೂ ಬೀಳಿಸುವುದು. ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ. ಅದರ ಪರಮಾಣು ಸಂಖ್ಯೆ 20. ಮಾಂಸದಲ್ಲಿ ಹೆಚ್ಚಾಗಿರುವುದು ಜಲಜನಕ, ಇಂಗಾಲ, ಆಮ್ಲಜನಕ. ಆಮ್ಲಜನಕದ ಪರಮಾಣು ಸಂಖ್ಯೆ 8. ಆದುದರಿಂದ ಮೂಳೆ ಸ್ಪಷ್ಟವಾಗಿ ಕಾಣುವುದು.

ಹೃದಯದ ಸ್ನಾಯುವೂ ಅದರೊಳಗಿನ ರಕ್ತವೂ ಬಹುಮಟ್ಟಿಗೆ ನೀರೇ ಆಗಿವೆ. ಎರಡೂ ಕಿರಣವನ್ನು ಸರಿಸುಮಾರು ಒಂದೇ ಪ್ರಮಾಣದಲ್ಲಿ ಹೀರುತ್ತವೆ. ಗಾಳಿ ತುಂಬಿದ ಶ್ವಾಸಕೋಶಗಳ ನಡುವೆ ಹೃದಯದ ಹೊರರೂಪು ಕಾಣುವುದು ನಿಜ. ಅದು ಹಿಗ್ಗಿದೆಯೇ ಎಂಬುದೂ ತಿಳಿಯುವುದು. ಆದರೆ ಒಳಗಿನ ನಾಳವನ್ನು ನೋಡಲು ಹೋಗುವುದು ಸುಣ್ಣ ಬಳಿದ ಗೋಡೆಯ ಮೇಲೆ ಸುಣ್ಣದಿಂದಲೇ ಬರೆದ ಅಕ್ಷರವನ್ನು ಓದಿದಂತೆ. ಅಕ್ಷರವಿದೆ, ಕಾಣದು.

ಕಾಣಬೇಕಾದರೆ ಬಣ್ಣ ಬೇಕು. ಕ್ಷ-ಕಿರಣಕ್ಕೆ ಬಣ್ಣವೆಂದರೆ ಭಾರವಾದ ಪರಮಾಣು. ಅಯೋಡಿನ್ನಿನ ಪರಮಾಣು ಸಂಖ್ಯೆ 53. ದ್ಯುತಿವಿದ್ಯುತ್ ಕ್ರಿಯೆಯಿಂದ ಒಂದು ಪರಮಾಣು ಕ್ಷ-ಕಿರಣವನ್ನು ಹೀರುವ ಶಕ್ತಿ ಸ್ಥೂಲವಾಗಿ ಪರಮಾಣು ಸಂಖ್ಯೆಯ ಘನಕ್ಕಿಂತಲೂ ವೇಗವಾಗಿ ಏರುವುದು. ಘನವನ್ನಷ್ಟೇ ಹಿಡಿದರೂ 53ನ್ನು 8ರಿಂದ ಭಾಗಿಸಿ ಘನ ಮಾಡಿದಾಗ ಸುಮಾರು 290 ಬರುವುದು. ಅಯೋಡಿನ್ ಸೇರಿದ ದ್ರಾವಣವನ್ನು ರಕ್ತದಲ್ಲಿ ಬೆರೆಸಿದ ಕ್ಷಣದಲ್ಲಿ ನಾಳವು ಮರದ ಕೊಂಬೆಯಂತೆ ಎದ್ದು ಕಾಣುವುದರ ಗುಟ್ಟು ಇದೇ.

ನಮ್ಮ ನಗರದ ಹಳೆಯ ನೀರಿನ ವ್ಯವಸ್ಥೆಯನ್ನು ನೆನೆದರೆ ಇದು ಇನ್ನೂ ತಿಳಿಯಾಗುವುದು. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ನಗರಕ್ಕೆ ಹರಿದು ಬರುತ್ತಿತ್ತು. ಅಂತಹ ಕಾಲುವೆಯ ಯಾವ ಕವಲು ಎಲ್ಲಿಗೆ ಹೋಗುವುದು, ಎಲ್ಲಿ ಹೂಳು ತುಂಬಿದೆ ಎಂಬುದನ್ನು ಮೇಲಿನಿಂದ ನೋಡಿ ಹೇಳಲಾಗದು. ಮೇಲಿನ ಬಾವಿಯಲ್ಲಿ ಬಣ್ಣದ ನೀರನ್ನು ಸುರಿದು ಕೆಳಗಿನ ಬಾವಿಗಳಲ್ಲಿ ಕಾದು ನೋಡಿದರೆ ತಿಳಿಯುವುದು. ಆಂಜಿಯೋಗ್ರಾಂ ಎಂದರೆ ಇಷ್ಟೇ: ಬಣ್ಣವನ್ನು ಸುರಿಯುವುದು, ಕಾದು ನೋಡುವುದು.

ಆದರೆ ಬಣ್ಣವನ್ನು ಎಲ್ಲಿ ಸುರಿಯಬೇಕು? ತೋಳಿನ ಅಭಿಧಮನಿಯಲ್ಲಿ ಸುರಿದರೆ ಹೃದಯವನ್ನು ಮುಟ್ಟುವ ವೇಳೆಗೆ ಅದು ಲೀಟರುಗಟ್ಟಲೆ ರಕ್ತದಲ್ಲಿ ಬೆರೆತು ತೆಳುವಾಗುವುದು. ಕಿರೀಟಧಮನಿಯ ಬಾಯಿಯಲ್ಲಿಯೇ ಸುರಿಯಬೇಕು. ಅದಕ್ಕೆ ನಳಿಗೆ ಬೇಕು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ತರುಣ ವೈದ್ಯ ವರ್ನರ್ ಫೋರ್ಸ್‌ಮನ್, ಹಿರಿಯರು ಬೇಡವೆಂದರೂ ಕೇಳದೆ, ತನ್ನ ತೋಳಿನ ಅಭಿಧಮನಿಯಲ್ಲಿ 65 ಸೆಂಟಿಮೀಟರ್ ಉದ್ದದ ನಳಿಗೆಯನ್ನು ತೂರಿಸಿ, ಕ್ಷ-ಕಿರಣದ ಕೋಣೆಗೆ ತಾನೇ ನಡೆದುಹೋಗಿ, ಅದರ ತುದಿ ತನ್ನ ಹೃದಯವನ್ನು ಮುಟ್ಟಿದ ಚಿತ್ರವನ್ನು ತೆಗೆಸಿದನು. ಅಂದು ಅವನಿಗೆ ದೊರೆತದ್ದು ಛೀಮಾರಿ. 1956ರಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಅವರೊಡನೆ ದೊರೆತದ್ದು ನೊಬೆಲ್ ಪಾರಿತೋಷಕ.

ಕಿರೀಟಧಮನಿಯೊಳಕ್ಕೇ ಬಣ್ಣವನ್ನು ಬಿಟ್ಟರೆ ಹೃದಯ ನಿಂತೇ ಹೋಗುವುದೆಂದು ಎಲ್ಲರೂ ಹೆದರಿದ್ದರು. 1958ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯನು ಮಹಾಧಮನಿಯ ಚಿತ್ರವನ್ನು ತೆಗೆಯುತ್ತಿದ್ದಾಗ ನಳಿಗೆ ಜಾರಿ ಬಲ ಕಿರೀಟಧಮನಿಯ ಬಾಯಿಯನ್ನು ಹೊಕ್ಕಿತು. ಬಣ್ಣವೆಲ್ಲ ಅದರೊಳಗೆ ಹೋಯಿತು. ರೋಗಿಯ ಹೃದಯ ಕೆಲವು ಕ್ಷಣ ನಿಂತು, ಆತನು ಕೆಮ್ಮಿದ ಮೇಲೆ ಮತ್ತೆ ಬಡಿಯತೊಡಗಿತು. ಅಪಘಾತವೇ ಮಾರ್ಗವನ್ನು ತೋರಿಸಿತು. ಅಷ್ಟು ಬಣ್ಣ ಬೇಕಿಲ್ಲ, ಕೊಂಚವೇ ಸಾಕು ಎಂದು ಸೋನ್ಸ್ ಅರಿತನು. ಇಂದು ಮಣಿಕಟ್ಟಿನ ಅಥವಾ ತೊಡೆಯ ಸಂದಿನ ಧಮನಿಯಿಂದ ಸುಮಾರು 2 ಮಿಲಿಮೀಟರ್ ದಪ್ಪದ ನಳಿಗೆಯನ್ನು ಕಳುಹಿಸುತ್ತಾರೆ. ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸುವರು. ರೋಗಿ ಎಚ್ಚರವಾಗಿಯೇ ಇರುವನು. ಎದೆಯನ್ನು ಕೊಯ್ಯುವುದಿಲ್ಲ.

ಗೋಳಗುಮ್ಮಟದ ಪಾಠ

ಎಲ್ಲ ರೋಗಕ್ಕೂ ನಳಿಗೆ ಬೇಕಿಲ್ಲ. ಹೃದಯದ ಕೋಣೆಗಳನ್ನೂ ಕವಾಟಗಳನ್ನೂ ನೋಡಲು ಅದಕ್ಕಿಂತ ಸೌಮ್ಯವಾದ ದಾರಿಯೊಂದುಂಟು. ಅದನ್ನು ಕಲಿಯಲು ವಿಜಯಪುರದ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ಗೋಳಗುಮ್ಮಟದ ಮೆಟ್ಟಲುಗಳನ್ನು ಹತ್ತಿದರೆ ಸಾಕು.

ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಮೊಗಸಾಲೆಯ ಒಂದು ಕಡೆ ನಿಂತು ಚಪ್ಪಾಳೆ ತಟ್ಟಿದರೆ ಧ್ವನಿಯು ಎದುರು ಗೋಡೆಗೆ ಹೋಗಿ ಮರಳಲು 76 ಮೀಟರು ಸಾಗಬೇಕು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಆದುದರಿಂದ ಪ್ರತಿಧ್ವನಿಗೆ ಹಿಡಿಯುವ ಕಾಲ 0.22 ಸೆಕೆಂಡು. ಈಗ ಲೆಕ್ಕವನ್ನು ತಿರುಗಿಸಿರಿ. ಕಣ್ಣು ಕಟ್ಟಿದ್ದರೂ, ಪ್ರತಿಧ್ವನಿಯ ಕಾಲವನ್ನು ಅಳೆದರೆ ಗೋಡೆಯ ದೂರವನ್ನು ಹೇಳಬಹುದು. ಹೃದಯದ ಪ್ರತಿಧ್ವನಿ ಪರೀಕ್ಷೆ, ಎಂದರೆ ಎಲ್ಲರೂ ಎಕೋ ಎನ್ನುವ ಪರೀಕ್ಷೆ, ಮಾಡುವುದು ಇದನ್ನೇ.

ಆದರೆ ಚಪ್ಪಾಳೆಯ ಧ್ವನಿ ಇಲ್ಲಿ ನಡೆಯದು. 500 ಹರ್ಟ್ಸ್ ಧ್ವನಿಯ ಅಲೆಯುದ್ದ ಗಾಳಿಯಲ್ಲಿ 68 ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಕೆಲವೇ ಮಿಲಿಮೀಟರಿನ ಕವಾಟ ಕಾಣದು. ಸೆಕೆಂಡಿಗೆ 30 ಲಕ್ಷ ಸಲ ಕಂಪಿಸುವ ಶ್ರವಣಾತೀತ ಧ್ವನಿಯನ್ನು ಬಳಸಿದರೆ, ಮೈಯ ಮೃದು ಅಂಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ 1,540 ಮೀಟರಾದುದರಿಂದ, ಅಲೆಯುದ್ದ ಅರ್ಧ ಮಿಲಿಮೀಟರಿಗೆ ಇಳಿಯುವುದು. 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದ ಗುಣವೊಂದರ ಬಲದಿಂದ, ವಿದ್ಯುತ್ತನ್ನು ಕೊಟ್ಟಾಗ ಕಂಪಿಸುವ ಮತ್ತು ಕಂಪಿಸಿದಾಗ ವಿದ್ಯುತ್ತನ್ನು ಕೊಡುವ ಹರಳು, ಬಾಯಿಯೂ ಕಿವಿಯೂ ತಾನೇ ಆಗುವುದು. ಹತ್ತು ಸೆಂಟಿಮೀಟರ್ ಆಳದ ಕವಾಟದಿಂದ ಪ್ರತಿಧ್ವನಿ ಬರಲು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 130 ಭಾಗ ಸಾಕು. ಇಂತಹ ಸಾವಿರಾರು ಕೂಗುಗಳನ್ನು ಒಂದು ಸೆಕೆಂಡಿನಲ್ಲಿ ಕೂಗಿ ಯಂತ್ರವು ಚಲಚ್ಚಿತ್ರವನ್ನು ಕಟ್ಟುವುದು. ಎದೆಯ ಮೇಲೆ ಲೋಳೆಯಂತಹ ದ್ರವವನ್ನು ಹಚ್ಚುವುದು ಏಕೆಂದರೆ, ಹರಳಿಗೂ ಚರ್ಮಕ್ಕೂ ನಡುವೆ ಗಾಳಿಯ ಪೊರೆಯಿದ್ದರೆ ಧ್ವನಿಯೆಲ್ಲ ಅಲ್ಲಿಂದಲೇ ಹಿಂದಿರುಗಿಬಿಡುವುದು.

ಹೃದಯದ ಎಕೋ ಮೊದಲು ದೊರೆತದ್ದು 1953ರ ಅಕ್ಟೋಬರಿನಲ್ಲಿ, ಸ್ವೀಡನ್ನಿನ ಲುಂಡ್ ನಗರದಲ್ಲಿ. ಇಂಗೆ ಎಡ್ಲರ್ ಎಂಬ ವೈದ್ಯ, ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ, ಇಬ್ಬರೂ ಸೇರಿ, ಲೋಹದಲ್ಲಿನ ಬಿರುಕುಗಳನ್ನು ಹುಡುಕುವ ಯಂತ್ರವನ್ನು ಎರವಲು ತಂದು ಎದೆಯ ಮೇಲಿಟ್ಟು ನೋಡಿದರು. ಈ ಹರ್ಟ್ಸ್, ರೇಡಿಯೋ ಅಲೆಗಳನ್ನು ತೋರಿಸಿದ ಹೈನ್‌ರಿಖ್ ಹರ್ಟ್ಸನ ಮನೆತನದವನೇ.

ಎಕೋ ಯಂತ್ರವು ರಕ್ತದ ವೇಗವನ್ನೂ ಅಳೆಯುವುದು. ಬಬಲೇಶ್ವರದ ರಸ್ತೆಯಲ್ಲಿ ಬಸ್ಸು ಹತ್ತಿರ ಬರುವಾಗ ಹಾರ್ನಿನ ಸ್ವರ ಏರಿದಂತೆಯೂ, ದಾಟಿ ಹೋದಾಗ ಇಳಿದಂತೆಯೂ ಕೇಳುವುದಿಲ್ಲವೇ? 1842ರಲ್ಲಿ ಡಾಪ್ಲರ್ ವಿವರಿಸಿದ ಈ ಪರಿಣಾಮವು ರಕ್ತಕಣಗಳಿಗೂ ಸಲ್ಲುವುದು. ಪರದೆಯ ಮೇಲೆ ಯಂತ್ರದ ಕಡೆಗೆ ಬರುವ ರಕ್ತವನ್ನು ಕೆಂಪಾಗಿಯೂ, ದೂರ ಹೋಗುವುದನ್ನು ನೀಲಿಯಾಗಿಯೂ ತೋರಿಸುವುದು ರೂಢಿ. ಕೆಂಪೆಂದರೆ ಶುದ್ಧ ರಕ್ತ, ನೀಲಿಯೆಂದರೆ ಮಲಿನ ರಕ್ತ ಎಂದು ತಿಳಿಯುವುದು ತಪ್ಪು. ಬಣ್ಣವು ದಿಕ್ಕನ್ನು ಮಾತ್ರ ಹೇಳುವುದು.

ವೇಗದಿಂದ ಒತ್ತಡವನ್ನೂ ತಿಳಿಯಬಹುದು. ನೀರಿನ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿದರೆ ನೀರು ರಭಸವಾಗಿ ಚಿಮ್ಮುವುದು. ಕಿರಿದಾದ ಕವಾಟದಲ್ಲಿಯೂ ಹೀಗೆಯೇ. ಬರ್ನೂಲಿಯ ಸೂತ್ರದಂತೆ ಒತ್ತಡದ ಇಳಿತವು ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ರಕ್ತದ ಸಾಂದ್ರತೆ ಘನಮೀಟರಿಗೆ 1,060 ಕಿಲೋಗ್ರಾಂ. ಪಾದರಸದ ಒಂದು ಮಿಲಿಮೀಟರ್ ಎಂದರೆ 133 ಪಾಸ್ಕಲ್. 530ನ್ನು 133ರಿಂದ ಭಾಗಿಸಿದರೆ ಸುಮಾರು 4. ಆದುದರಿಂದ ಮೀಟರುಗಳಲ್ಲಿ ಹೇಳಿದ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ಇಳಿತವು ಪಾದರಸದ ಮಿಲಿಮೀಟರುಗಳಲ್ಲಿ ದೊರೆಯುವುದು. ಮಹಾಧಮನಿಯ ಕವಾಟದಲ್ಲಿ ಸಹಜವಾಗಿ ಸೆಕೆಂಡಿಗೆ 1 ಮೀಟರಿನಷ್ಟಿರುವ ವೇಗವು 4 ಮೀಟರಿಗೆ ಏರಿದರೆ ಇಳಿತ 64 ಮಿಲಿಮೀಟರು. ಇದು ಕವಾಟ ಬಹಳ ಕಿರಿದಾಗಿರುವುದರ ಗುರುತು. ತರಗತಿಯಲ್ಲಿ ನಾವು ಬಾಯಿಪಾಠ ಮಾಡುವ ಸೂತ್ರವನ್ನು ಹೃದ್ರೋಗ ವೈದ್ಯನು ಪ್ರತಿದಿನವೂ ಬಳಸುತ್ತಾನೆ.

ಬಬಲೇಶ್ವರದ ಕಡೆ ಶಾಲಾ ಶಿಕ್ಷಕರಾಗಿರುವ ನನ್ನ ಗೆಳೆಯರೊಬ್ಬರು ಆಟದ ಬಯಲಿನಲ್ಲಿ ಬೇಗನೆ ಏದುಸಿರು ಬಿಡುತ್ತಿದ್ದ ಬಾಲಕಿಯೊಬ್ಬಳನ್ನು ಗಮನಿಸಿ ತಂದೆತಾಯಿಗಳಿಗೆ ಹೇಳಿದರು. ಎಕೋ ಮಾಡಿದಾಗ ಕವಾಟ ಕೆಟ್ಟಿರುವುದು ಕಂಡಿತು. ಚಿಕ್ಕ ಮಕ್ಕಳ ಗಂಟಲುನೋವು ಕೆಲವು ವೇಳೆ ಒಂದು ಬಗೆಯ ಜ್ವರಕ್ಕೆ ತಿರುಗಿ ಕವಾಟಗಳನ್ನು ಕೆಡಿಸುವುದುಂಟು. ಅದನ್ನು ಸಂಧಿವಾತ ಜ್ವರವೆನ್ನುತ್ತಾರೆ. ಬೇಗ ತಿಳಿದರೆ ಕ್ರಮವಾದ ಔಷಧದಿಂದ ಮುಂದಿನ ಹಾನಿಯನ್ನು ತಡೆಯಬಹುದು. ಈ ಪರೀಕ್ಷೆಯಲ್ಲಿ ವಿಕಿರಣವಿಲ್ಲ, ನೋವಿಲ್ಲ.

ಹಲವು ನೆರಳುಗಳಿಂದ ಒಂದು ರೂಪ

ಒಂದು ನೆರಳಿನಿಂದ ವಸ್ತುವಿನ ಒಳರೂಪ ತಿಳಿಯದು. ನೂರಾರು ದಿಕ್ಕುಗಳಿಂದ ನೆರಳುಗಳನ್ನು ತೆಗೆದರೆ ಗಣಿತವು ಒಳರೂಪವನ್ನು ಕಟ್ಟಿಕೊಡುವುದು. ಇದು ಸಾಧ್ಯವೆಂದು 1917ರಲ್ಲಿ ರಾಡೋನ್ ಎಂಬ ಗಣಿತಜ್ಞನು ತೋರಿಸಿದ್ದನು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆಯಿತು, ಅದೇ ಸಿ.ಟಿ. ಯಂತ್ರ. ಅದೇ 1971ರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಎಂಬ ಭಾರತೀಯರು ನೆರಳುಗಳಿಂದ ರೂಪವನ್ನು ಕಟ್ಟುವ ಸುಲಭವೂ ಶೀಘ್ರವೂ ಆದ ಗಣಿತಕ್ರಮವನ್ನು ಪ್ರಕಟಿಸಿದರು. ಅವರ ಹೆಸರಿನ ರಾಮ್-ಲಾಕ್ ಶೋಧಕವನ್ನು ಜಗತ್ತಿನ ಸಿ.ಟಿ. ಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಓದುತ್ತಾರೆ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು; ಮುಂದೆ ಅಲ್ಲಿಯೇ ಅಣುಜೀವ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರು.

ಬಡಿಯುವ ಹೃದಯದ ಚಿತ್ರವು ಮಸುಕಾಗಬಾರದು. ಅದಕ್ಕೆ ಉಪಾಯವುಂಟು. ಹೃದಯದ ವಿದ್ಯುತ್ ಲೇಖವನ್ನು, ಎಂದರೆ ಇ.ಸಿ.ಜಿ.ಯನ್ನು ನೋಡುತ್ತಾ, ಎರಡು ಬಡಿತಗಳ ನಡುವೆ ಹೃದಯ ಹೆಚ್ಚು ನಿಶ್ಚಲವಾಗಿರುವ ಕ್ಷಣದಲ್ಲಿಯೇ ಚಿತ್ರವನ್ನು ತೆಗೆಯುವರು. ಇಲ್ಲಿ ಬಣ್ಣವನ್ನು ತೋಳಿನ ಅಭಿಧಮನಿಯಲ್ಲಿ ಚುಚ್ಚಿದರೂ ಸಾಕು, ಹೃದಯದವರೆಗೆ ನಳಿಗೆ ಬೇಡ. ಯಂತ್ರವು ಅತಿ ತೆಳುವಾದ ವ್ಯತ್ಯಾಸವನ್ನೂ ಗುರುತಿಸಬಲ್ಲುದು. ಎಂ.ಆರ್.ಐ. ಯಂತ್ರವಾದರೋ ಕ್ಷ-ಕಿರಣವನ್ನೇ ಬಳಸದು. ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿನಷ್ಟು ಬಲವಾದ ಕ್ಷೇತ್ರದಲ್ಲಿ ದೇಹವನ್ನಿಟ್ಟು, ಜಲಜನಕದ ಬೀಜಗಳಿಂದ ಬರುವ ರೇಡಿಯೋ ಸಂಕೇತವನ್ನು ಕೇಳುವುದು. ಸ್ನಾಯುವಿನಲ್ಲಿ ಯಾವ ಭಾಗ ಸತ್ತಿದೆ, ಯಾವುದು ಬದುಕಿದೆ ಎಂಬುದನ್ನು ಅದು ಚೆನ್ನಾಗಿ ತಿಳಿಸುವುದು.

ಯಾವುದು, ಯಾವಾಗ?

ಹಾಗಾದರೆ ಎಲ್ಲವನ್ನೂ ಮಾಡಿಸಿಬಿಡುವುದು ಲೇಸೇ? ಅಲ್ಲ. ಪ್ರತಿಯೊಂದು ಉಪಕರಣವೂ ಒಂದು ಪ್ರಶ್ನೆಗೆ ಉತ್ತರ ಹೇಳುವುದು. ಕವಾಟ ಮತ್ತು ಕೋಣೆಗಳ ಪ್ರಶ್ನೆಗೆ ಎಕೋ; ನಾಳದ ಪ್ರಶ್ನೆಗೆ ಸಿ.ಟಿ. ಅಥವಾ ನಳಿಗೆಯ ಆಂಜಿಯೋಗ್ರಾಂ. ನಳಿಗೆಯದಕ್ಕೆ ಒಂದು ಹೆಚ್ಚಳವುಂಟು: ಅಡಚಣೆ ಕಂಡಲ್ಲಿ ಅದೇ ದಾರಿಯಲ್ಲಿ ಬಲೂನನ್ನು ಕಳುಹಿಸಿ ಹಿಗ್ಗಿಸಬಹುದು. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ಕಿನಲ್ಲಿ ಗ್ರುಂಟ್‌ಜಿಗ್ ಇದನ್ನು ಕಿರೀಟಧಮನಿಯಲ್ಲಿ ಮೊದಲು ಮಾಡಿದನು.

ಅಪಾಯವೂ ಇಲ್ಲದಿಲ್ಲ. ನಿಸರ್ಗದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುವುದು. ಒಂದು ಆಂಜಿಯೋಗ್ರಾಂ ಇಂತಹ ಎರಡು ಮೂರು ವರ್ಷಗಳ ಪ್ರಮಾಣವನ್ನು ಕೊಡಬಹುದು. ಅಯೋಡಿನ್ ಬಣ್ಣವು ಕೆಲವರಿಗೆ ಒಗ್ಗದು. ಮೂತ್ರಪಿಂಡ ದುರ್ಬಲವಾಗಿದ್ದರೆ ಎಚ್ಚರ ಬೇಕು. ನಳಿಗೆಯಿಂದ ರಕ್ತಸ್ರಾವ ಮೊದಲಾದ ತೊಡಕುಗಳು ಅಪರೂಪವಾಗಿ ಆಗುವುದುಂಟು. ಮೂತ್ರಪಿಂಡದ ರೋಗ, ಸಕ್ಕರೆ ರೋಗ, ಹಿಂದೆ ಔಷಧ ಒಗ್ಗದಿದ್ದುದು, ಗರ್ಭ ಇವನ್ನು ವೈದ್ಯರಿಗೆ ಮೊದಲೇ ಹೇಳಬೇಕು. "ಈ ಪರೀಕ್ಷೆಯಿಂದ ಯಾವ ಪ್ರಶ್ನೆಗೆ ಉತ್ತರ ಸಿಗುವುದು?" ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಇನ್ನೊಂದು ಮಾತನ್ನು ಮರೆಯಬಾರದು. ಎದೆಯ ಭಾರವು ಕುಳಿತರೂ ಇಳಿಯದೆ, ಬೆವರು, ಉಸಿರುಕಟ್ಟು, ತೋಳಿಗೋ ದವಡೆಗೋ ಹರಿಯುವ ನೋವು ಇದ್ದರೆ ಅದು ಚಿತ್ರಗಳಿಗಾಗಿ ಕಾಯುವ ಹೊತ್ತಲ್ಲ. ನಾಳ ಪೂರ್ತಿ ಮುಚ್ಚಿದರೆ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುವುದು. ವಾಯುವೆಂದು ಸೋಡಾ ಕುಡಿದು ಬೆಳಗಾಗುವುದನ್ನು ಕಾಯುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಪ್ರಾಣ ಕಳೆಯುವ ರೂಢಿಯೂ ಅದೇ. 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ ಮೊದಲು ಇ.ಸಿ.ಜಿ. ತೆಗೆಸಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರಕಾರವು ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವುದು ಅದರ ಉದ್ದೇಶ.

ನನ್ನ ವಿದ್ಯಾರ್ಥಿ ಅಂದು ಊರಿಗೆ ಹೋಗಿ, ದೊಡ್ಡಪ್ಪನವರನ್ನು ತೋಟಕ್ಕೇ ಕರೆದೊಯ್ದನಂತೆ. ಹನಿ ನೀರಾವರಿಯ ಸಾಲೊಂದರಲ್ಲಿ ಬಳ್ಳಿಗಳು ಬಾಡಿದ್ದವು. "ಪೈಪ್ ಹೊರಗಿಂದ ಚಲೋನ ಐತಿ. ಒಳಗ ಎಲ್ಲಿ ಕಟ್ಟೇತಿ ಅಂತ ಹೊರಗಿಂದ ನೋಡಿ ಹೇಳ್ರಿ, ದೊಡ್ಡಪ್ಪಾ" ಎಂದನಂತೆ. ಅವರು ಬಹಳ ಹೊತ್ತು ಪೈಪನ್ನು ಕೈಯಲ್ಲಿ ಹಿಡಿದು ನೋಡಿ, ಮರುದಿನ ತಾವೇ ತಮ್ಮನನ್ನು ಕರೆದುಕೊಂಡು ವಿಜಯಪುರಕ್ಕೆ ಬಂದರು. ಒಂದು ನಾಳ ಬಹಳ ಕಿರಿದಾಗಿತ್ತು, ಉಳಿದವು ಚೆನ್ನಾಗಿದ್ದವು. ಚಿಕಿತ್ಸೆಯಾಯಿತು.

ಈ ವರ್ಷ ಒಣದ್ರಾಕ್ಷಿಯ ಕಾಲದಲ್ಲಿ ಆ ಹುಡುಗನ ತಂದೆ ನಮ್ಮ ಮನೆಗೆ ಬಂದಿದ್ದರು. ನಮ್ಮದು ಎರಡನೆಯ ಮಾಳಿಗೆ. ಮೆಟ್ಟಲುಗಳನ್ನು ಹತ್ತಿ ಬಂದು, ನಡುವೆ ಎಲ್ಲಿಯೂ ಕುಳಿತುಕೊಳ್ಳಲಿಲ್ಲವೆಂದು ಮೊದಲು ಹೇಳಿ, ಆಮೇಲೆ ಒಣದ್ರಾಕ್ಷಿಯ ಗಂಟನ್ನು ಬಿಚ್ಚಿದರು.